ಹೊಟ್ಟೆ ತುಂಬಿದರೂ ಮೈಯಲ್ಲಿ ಕಸುವಿಲ್ಲ, ಏಕೆ?

ಪ್ರಶ್ನೆ: ಉದ್ಯೋಗ ಖಾತ್ರಿಯ ಬದು ಕೆಲಸಕ್ಕೆ ಬರುವ ನಮ್ಮೂರ ಹೆಂಗಸರು ಎರಡು ಹೊತ್ತೂ ಮುದ್ದೆ ಉಣ್ಣುತ್ತಾರೆ. ಆದರೂ ಹನ್ನೊಂದಕ್ಕೆಲ್ಲ ಏದುಸಿರು ಬಿಡುತ್ತಾರೆ. ಅಳತೆ ಮುಗಿಯದೆ ಪೂರ್ತಿ ಕೂಲಿ ಸಿಗುವುದಿಲ್ಲ. ಇದು ಸೋಮಾರಿತನವೇ?
– ಓದುಗರು, ಶಿರಾ

ಉತ್ತರ: ಖಂಡಿತ ಅಲ್ಲ. ಮೊದಲು ರಕ್ತಹೀನತೆ ಇದೆಯೇ ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಇದು ಇದೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಲುವುದಿಲ್ಲ. ಕೂತು ಕಾಳು ಆರಿಸುವಾಗ ತಿಳಿಯದ ಈ ಕೊರತೆ ಮಣ್ಣಿನ ಬಾಣಲೆ ಹೊತ್ತಾಗ ಗೊತ್ತಾಗುತ್ತದೆ. ಅಳತೆಗೆ ತಕ್ಕ ಕೂಲಿಯಾದ್ದರಿಂದ ನಷ್ಟ ನೇರವಾಗಿ ಅವರದೇ.

1970ರ ದಶಕದಲ್ಲಿ ಇಂಡೊನೇಷ್ಯಾದ ರಬ್ಬರ್ ತೋಟಗಳ ಕೂಲಿಕಾರರಿಗೆ ದಿನಕ್ಕೆ 100 ಮಿ.ಗ್ರಾಂ. ಕಬ್ಬಿಣಾಂಶವನ್ನು 60 ದಿನ ಕೊಟ್ಟು ನೋಡಿದರು. ರಕ್ತಹೀನರ ದುಡಿಮೆ ಹೆಚ್ಚುಕಡಿಮೆ ಉಳಿದವರ ಸಮಕ್ಕೆ ಬಂತು.

ಮುದ್ದೆಯೊಂದೇ ಏಕೆ ಸಾಲದು? 300 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 14 ಮಿ.ಗ್ರಾಂ. ಕಬ್ಬಿಣಾಂಶವಿದೆ. ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ. ಬೇಕು. ಇರುವುದರಲ್ಲೂ ಹತ್ತರಲ್ಲೊಂದು ಪಾಲು ಮೈಗೆ ಹತ್ತುವುದು ಕಷ್ಟ. ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ ಇದ್ದರೆ ಹೆಚ್ಚು ಹತ್ತುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಕಡಿಮೆಯಾಗುತ್ತದೆ. ಟೀ ಒಂದು ಗಂಟೆ ತಡೆಯಲಿ. ಸಾರಿಗೆ ಹುರುಳಿ, ಸೊಪ್ಪು ಬೀಳಲಿ. ಮಾಂಸ ತಿನ್ನುವ ಮನೆಯಾದರೆ ಈಲಿ ಇನ್ನೂ ಒಳ್ಳೆಯದು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದವರಿಗೆ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 8ಕ್ಕಿಂತ ಕೆಳಗಿದ್ದರೆ ಅದು ತೀವ್ರ, ತಡಮಾಡದೆ ವೈದ್ಯರಿಗೆ ತೋರಿಸಿ. ಎಷ್ಟು ಮಾತ್ರೆ ಎಂಬುದನ್ನು ಅವರೇ ಹೇಳಲಿ. ಬಹಳ ಮಂದಿ ಎಡವುವುದು ಇಲ್ಲೇ: ಮಲ ಕಪ್ಪಾಯಿತು, ವಾಕರಿಕೆ ಬಂತು ಎಂದು ಎರಡು ವಾರಕ್ಕೇ ಮಾತ್ರೆ ಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ. ವಾಕರಿಕೆಯಾದರೆ ಊಟದ ನಂತರ, ರಾತ್ರಿ ನುಂಗಿ. ಸುಸ್ತು ಇಳಿಯಿತೆಂದು ನಿಲ್ಲಿಸಿದರೆ ದೇಹದ ದಾಸ್ತಾನು ತುಂಬುವುದಿಲ್ಲ, ತಿಂಗಳುಗಟ್ಟಲೆ ಬೇಕು. ಬರಿಗಾಲಲ್ಲಿ ಗದ್ದೆ, ಬಯಲಿನಲ್ಲಿ ಓಡಾಡುವವರಿಗೆ ಕೊಕ್ಕೆಹುಳು ತಗುಲಿ ಕರುಳಿನಲ್ಲಿ ರಕ್ತ ಹೀರುತ್ತಿರಬಹುದು. ಜಂತುಹುಳದ ಔಷಧಿಯನ್ನೂ ಕೇಳಿ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದರೆ ಮುಚ್ಚಿಡದೆ ಹೇಳಬೇಕು.

ಪ್ರಶ್ನೆ: ಆಳುಗಳಿಗೆ ಬೆಳಿಗ್ಗೆ ತಿಂಡಿ ಕೊಟ್ಟರೆ ಕೆಲಸ ಜಾಸ್ತಿಯಾಗುತ್ತದೆಯೇ?
– ರೈತರು, ಹಾವೇರಿ

ಉತ್ತರ: ಕೊಡಿ, ಆದರೆ ವಾರದಲ್ಲೇ ಲೆಕ್ಕ ಹಾಕಬೇಡಿ. ದಕ್ಷಿಣ ಭಾರತದ ಹಳ್ಳಿಗಳ ಬಗ್ಗೆ 1988ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞ ದೇವಲಾಲಿಕರ್ ಅವರ ಅಧ್ಯಯನದಲ್ಲಿ ಕೂಲಿ ಮತ್ತು ದುಡಿಮೆಯ ಮೇಲೆ ಪರಿಣಾಮ ಕಂಡದ್ದು ಎತ್ತರಕ್ಕೆ ತಕ್ಕ ತೂಕದಿಂದ. ಆಯಾ ಹೊತ್ತಿನ ಕ್ಯಾಲೊರಿಯಿಂದಲ್ಲ. ಅಂದರೆ ಮೈ ಕಟ್ಟುವುದು ವರ್ಷಗಟ್ಟಲೆಯ ಊಟ. ಸುಗ್ಗಿಯಲ್ಲಷ್ಟೇ ಅಲ್ಲ, ಕೆಲಸವಿಲ್ಲದ ಬೇಸಿಗೆಯಲ್ಲೂ ಆ ಮನೆಗಳಲ್ಲಿ ಬೇಳೆಕಾಳು ಇರುವಂತೆ ನೋಡಿಕೊಳ್ಳಿ. ಕೂಲಿಯ ಒಂದು ಪಾಲನ್ನು ಅವರು ಒಪ್ಪಿದರೆ ಹುರುಳಿ, ಶೇಂಗಾ ರೂಪದಲ್ಲಿ ಕೊಡಬಹುದು.