ಮುಟ್ಟಿನ ದಿನಗಳಲ್ಲೇ ಉರಿಮೂತ್ರ ಯಾಕೆ? ಎಂಡೊಮೆಟ್ರಿಯೋಸಿಸ್ ಇದ್ದರೆ ಮೂತ್ರಕೋಶದ ಆಪರೇಷನ್ ಬೇಕೇ?

ಪ್ರತಿ ತಿಂಗಳು ಮುಟ್ಟಿನ ಹೊತ್ತಿಗೇ ಉರಿ ಬಂದು, ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೆ ಅದು ಮೂತ್ರಕೋಶದ ಎಂಡೊಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರದಂಥ ಅಂಗಾಂಶ ಮೂತ್ರಕೋಶದ ಗೋಡೆಯಲ್ಲಿ ಬೆಳೆದು, ಹಾರ್ಮೋನಿಗೆ ಸ್ಪಂದಿಸಿ ತಿಂಗಳಿಗೊಮ್ಮೆ ಊದಿಕೊಳ್ಳುತ್ತದೆ. ನಮ್ಮ ಬಾಗಲಕೋಟೆ ಕಡೆ ಇದನ್ನು "ಉಷ್ಣ ಆಗೇದ, ಮಜ್ಜಿಗಿ ಕುಡಿ" ಎಂದು ವರ್ಷಗಟ್ಟಲೆ ತಳ್ಳಿಬಿಡುವುದು ನಿಜಕ್ಕೂ ಸಂಕಟದ ಸಂಗತಿ.

ಆಪರೇಷನ್ ಎಲ್ಲರಿಗೂ ಬೇಡ. ಹಾರ್ಮೋನ್ ಮಾತ್ರೆಗೆ ನೋವು ಬಗ್ಗದಿದ್ದರೆ, ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್) ಗಂಟಿರುವಷ್ಟು ಗೋಡೆ ಕತ್ತರಿಸಿ ಹೊಲಿಯುತ್ತಾರೆ. ಒಳಗಿನಿಂದ ಕೆರೆದರೆ ಸಾಲದು, ಏಕೆಂದರೆ ಗಂಟು ಸಾಮಾನ್ಯವಾಗಿ ಹೊರಗಿನಿಂದ ಒಳಗೆ ಬೆಳೆದಿರುತ್ತದೆ, ಬುಡ ಉಳಿದುಬಿಡುತ್ತದೆ. ಮೂತ್ರಕೋಶ ಚೆನ್ನಾಗಿ ಕೂಡಿಕೊಳ್ಳುವ ಅಂಗ. ಹೆಚ್ಚಾಗಿ 7ರಿಂದ 14 ದಿನ ಕ್ಯಾತೆಟರ್ (ಮೂತ್ರ ಹೊರಹರಿಸುವ ನಳಿಕೆ) ಇಡುತ್ತಾರೆ.

ನನಗೆ ಹೆಚ್ಚು ಭಯ ಮೂತ್ರನಾಳದ್ದು, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಸಣ್ಣ ಕೊಳವೆಯದು. ಅದರ ಸುತ್ತ ಗಾಯದ ಅಂಗಾಂಶ ಬಿಗಿದರೆ, ನೋವೇ ಇಲ್ಲದೆ ಕಿಡ್ನಿ ಊದಿ ಹಾಳಾಗಬಹುದು. ಆಗ ಔಷಧಿ ನೆಚ್ಚಿ ಕೂರುವಂತಿಲ್ಲ: ನಾಳವನ್ನು ಬಿಡಿಸುತ್ತಾರೆ, ಇಲ್ಲವೇ ಕೆಟ್ಟ ತುಂಡು ತೆಗೆದು ಮರುಜೋಡಿಸುತ್ತಾರೆ. ಬೆಳಗಾವಿಗೋ ವಿಜಯಪುರಕ್ಕೋ ತೋರಿಸಲು ಹೋದಾಗ ಕಿಡ್ನಿ ಸ್ಕ್ಯಾನಿಂಗ್ ಕೇಳಿಯೇ ಮಾಡಿಸಿ; ಸ್ತ್ರೀರೋಗ ತಜ್ಞರ ಜೊತೆ ಯೂರಾಲಜಿಸ್ಟ್ (ಮೂತ್ರಾಂಗ ತಜ್ಞರು) ಕೂಡ ಇರುವ ಆಸ್ಪತ್ರೆ ಆರಿಸಿಕೊಳ್ಳಿ.