ಮುಂದಿನ ಗಿಟಾರ್ ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಚೆಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಪತ್ರಗಳೇ ಹೆಚ್ಚಾಗಿದ್ದವು. ಕೇಳಿದ ರೀತಿ ಬೇರೆಬೇರೆಯಾದರೂ ಎಲ್ಲರ ಪ್ರಶ್ನೆ ಒಂದೇ: ಕೈಯಲ್ಲಿ ಒಂದು ಗಿಟಾರ್ ಇದೆ, ಇನ್ನು ಕೊಳ್ಳಬೇಕಾದದ್ದು ಯಾವುದು? ನಾನೂ ಬಳ್ಳಾರಿಯವನೇ ಆದ್ದರಿಂದ ಇಲ್ಲಿನ ಬಿಸಿಲಿನ ಪರಿಚಯವಿದೆ. ಅಂಗಡಿಗೆ ಹೋಗಿ ಹತ್ತು ಗಿಟಾರ್ ನುಡಿಸಿ ನೋಡಿ ಒಂದನ್ನು ಆರಿಸುವ ಭಾಗ್ಯ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ ಎಂಬುದೂ ಗೊತ್ತಿದೆ. ಐದು ಪತ್ರಗಳನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾಲ್ಕು ವರ್ಷಗಳಿಂದ ಯಮಹಾ ಎಫ್310 ನುಡಿಸುತ್ತಿದ್ದೇನೆ. ಎಫ್, ಬಿ ಮೈನರ್ ಮುಂತಾದ ಬಾರ್ ಕಾರ್ಡ್‌ಗಳು (ತೋರುಬೆರಳನ್ನು ತಂತಿಗಳ ಮೇಲೆ ಅಡ್ಡವಾಗಿ ಒತ್ತಿ ಹಿಡಿಯುವ ಸ್ವರಗುಚ್ಛಗಳು) ಇರುವ ಹಾಡು ಬಂದರೆ ಹತ್ತು ನಿಮಿಷದಲ್ಲಿ ಎಡಗೈ ಸೋತುಹೋಗುತ್ತದೆ. 25,000 ರೂಪಾಯಿ ಕೂಡಿಟ್ಟಿದ್ದೇನೆ. ಸಾಲಿಡ್ ಟಾಪ್ ಇರುವ ಅಕೌಸ್ಟಿಕ್ ಕೊಳ್ಳಲೇ, ಎಲೆಕ್ಟ್ರಿಕ್ ಕೊಳ್ಳಲೇ? (ಓದುಗರೊಬ್ಬರು, ಸಿಂಧನೂರು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಕೈಯ ದೂರು ಇದೆ, ಕಿವಿಯ ದೂರು ಎಲ್ಲಿಯೂ ಇಲ್ಲ. ಈಗಿರುವ ಗಿಟಾರಿನ ನಾದ ಸಾಲದು ಎಂದು ನೀವು ಒಂದು ಸಾಲನ್ನೂ ಬರೆದಿಲ್ಲ. ಸಾಲಿಡ್ ಟಾಪ್ ಎನ್ನುವುದು ಕಿವಿಯ ದೂರಿಗೆ ಮದ್ದು. ಎಫ್310ರ ಮೇಲ್ಫಲಕ ತೆಳುವಾದ ಪದರಗಳನ್ನು ಅಂಟಿಸಿ ಮಾಡಿದ್ದು. ಅದೇ ಕಂಪನಿಯ ಎಫ್‌ಜಿ800ರಲ್ಲಿ ಆ ಫಲಕ ಅಂಟಿಸಿದ ಪದರಗಳಿಲ್ಲದ ಗಟ್ಟಿ ಸ್ಪ್ರೂಸ್ ಮರದ್ದು, ಆದ್ದರಿಂದ ಹೆಚ್ಚು ಮುಕ್ತವಾಗಿ ಕಂಪಿಸುತ್ತದೆ. ಆದರೆ ಬಾರ್ ಕಾರ್ಡ್ ಹಿಡಿಯುವ ತೋರುಬೆರಳಿಗೆ ಅದರಿಂದ ಆಗುವ ಉಪಕಾರ ಏನೂ ಇಲ್ಲ.

ಕೊಳ್ಳುವ ಮೊದಲು ಒಂದು ಸಂಜೆ ಹೀಗೆ ಮಾಡಿ. ಆರನೆಯ, ಅಂದರೆ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನ (ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಹಿಂದೆ ಒತ್ತಿ ಹಿಡಿದು, ಒಂದನೆಯ ಫ್ರೆಟ್ಟಿಗೂ ತಂತಿಗೂ ನಡುವಿನ ಸಂದನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಒಂದು ಕಾಗದದ ಹಾಳೆ ತೂರುವಷ್ಟು ಜಾಗವಿದ್ದರೆ ಸಾಕು; ಹಳೆಯ ಎಟಿಎಂ ಕಾರ್ಡು ಆರಾಮವಾಗಿ ತೂರಿದರೆ ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಗೀರುಗಳು ಎತ್ತರದಲ್ಲಿವೆ ಎಂದರ್ಥ. ಎಫ್ ಕಾರ್ಡ್ ಕಷ್ಟವಾಗುವುದು ಬಹುಪಾಲು ಇಲ್ಲಿಯೇ, ಏಕೆಂದರೆ ಅದನ್ನು ಹಿಡಿಯುವುದು ನಟ್‌ನ ಪಕ್ಕದಲ್ಲೇ. ಆಮೇಲೆ ತಂತಿಯನ್ನು ಒತ್ತದೆ, ಹನ್ನೆರಡನೆಯ ಫ್ರೆಟ್ಟಿನ ಮೇಲ್ತುದಿಯಿಂದ ಆರನೆಯ ತಂತಿಯ ತಳದವರೆಗೆ ಸ್ಟೀಲ್ ಸ್ಕೇಲಿನಿಂದ ಅಳೆಯಿರಿ. 2.5 ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. 3.5 ಇದ್ದರೆ ನೀವು ನಾಲ್ಕು ವರ್ಷ ಗಿಟಾರಿನೊಂದಿಗೆ ಕುಸ್ತಿ ಆಡಿದ್ದೀರಿ. ಕುತ್ತಿಗೆಯ ಬಾಗನ್ನು ಅದರೊಳಗಿನ ಲೋಹದ ಸರಳಾದ ಟ್ರಸ್ ರಾಡ್‌ನಿಂದ ಸರಿಪಡಿಸಿದ ಮೇಲೆ ಸ್ಯಾಡಲ್‌ನ (ಮೇಲ್ಫಲಕದ ಬ್ರಿಡ್ಜಿನಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ತಳವನ್ನು ಉಜ್ಜಿ ತಗ್ಗಿಸಬಹುದು. ಹನ್ನೆರಡನೆಯ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿಲಿಮೀಟರ್ ಹೋಗಬೇಕು. ಕೆಲಸ ತಿಳಿದವರಿಂದಲೇ ಇದನ್ನು ಮಾಡಿಸಿ, ಉಜ್ಜಿದ್ದು ಮರಳಿ ಬರುವುದಿಲ್ಲ.

ತಂತಿಯ ದಪ್ಪದ ಮಾತೂ ಇದೆ. ಅಕೌಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ 12–53ರ (ಅತಿ ತೆಳುವಿನ ಮತ್ತು ಅತಿ ದಪ್ಪನೆಯ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಆರೂ ತಂತಿಗಳ ಎಳೆತ ಒಟ್ಟಿಗೆ 70 ಕಿಲೋ ಮೀರುತ್ತದೆ, ಅಂದರೆ ನಿಮ್ಮ ಸಿಂಧನೂರಿನ 75 ಕಿಲೋ ಭತ್ತದ ಚೀಲವೊಂದನ್ನು ಆ ಸಣ್ಣ ಬ್ರಿಡ್ಜಿಗೆ ನೇತುಹಾಕಿದಂತೆ. 11–52ಕ್ಕೆ ಇಳಿದರೆ ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಇಷ್ಟಕ್ಕೆಲ್ಲ ನಿಮ್ಮ ಉಳಿತಾಯದ ಸಣ್ಣ ಪಾಲು ಸಾಕು.

ಇದಾದ ಮೇಲೆ ಎರಡು ತಿಂಗಳು ನುಡಿಸಿ. ಆಗ ನಾದವೇ ಸಪ್ಪೆ ಎನ್ನಿಸಿದರೆ ಸಾಲಿಡ್ ಟಾಪ್ ಕೊಳ್ಳಿ. ತಂತಿಯನ್ನು ಬಾಗಿಸಿ ಎಳೆಯುವ ಲೀಡ್ ನುಡಿಸುವ ಆಸೆ ಬಲವಾದರೆ ಎಲೆಕ್ಟ್ರಿಕ್ ಸರಿ, ಆದರೆ ಆಗ 25,000ದಲ್ಲಿ ಮೂರನೆಯ ಒಂದು ಭಾಗವನ್ನು ಆಂಪ್‌ಗೆ (ಆಂಪ್ಲಿಫೈಯರ್), ಕೇಬಲ್‌ಗೆ ಎತ್ತಿಡಿ. ಅಳತೆಯ ವಿಷಯ ತಿಳಿದಿರಲಿ: ಸ್ಟ್ರಾಟೋಕಾಸ್ಟರ್ ಮಾದರಿಯಲ್ಲಿ ನಟ್‌ನಿಂದ ಸ್ಯಾಡಲ್‌ವರೆಗಿನ ತಂತಿಯ ಉದ್ದ 648 ಮಿಲಿಮೀಟರ್, ಲೆಸ್ ಪಾಲ್ ಮಾದರಿಯಲ್ಲಿ ಸುಮಾರು 628. ಅದೇ ತಂತಿ ಎರಡನೆಯದರಲ್ಲಿ ಮೆತ್ತಗಿರುತ್ತದೆ. ನನ್ನ ಎರಡನೆಯ ಗಿಟಾರನ್ನು ನಾನು ಇದಾವುದನ್ನೂ ನೋಡದೆ ಕಪ್ಪು ಬಣ್ಣದ ಹೊಳಪಿಗೆ ಮರುಳಾಗಿ ಕೊಂಡೆ. ಮನೆಗೆ ತಂದು ನುಡಿಸಿದಾಗ ಅದು ಮೊದಲನೆಯದರಂತೆಯೇ ಇತ್ತು, ಬಣ್ಣವೊಂದನ್ನು ಬಿಟ್ಟು. ಎಂಟು ತಿಂಗಳಲ್ಲಿ ಮಾರಿದೆ, ಅರ್ಧ ಬೆಲೆಗೆ.

ಪ್ರಶ್ನೆ: ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಪೂರ್ತಿ ಗಟ್ಟಿಮರದ, ಹಿಂಬದಿ ರೋಸ್‌ವುಡ್ ಇರುವ ಅಕೌಸ್ಟಿಕ್ ತಂದೆ. ಏಪ್ರಿಲ್ ಬಂದಮೇಲೆ ಕುತ್ತಿಗೆಯ ಅಂಚು ಗರಗಸದಂತೆ ಕೈಗೆ ಚುಚ್ಚುತ್ತಿದೆ, ತಂತಿಗಳು ಝುಂಯ್ ಎನ್ನುತ್ತಿವೆ. ಇದನ್ನು ಮಾರಿ ಬೇರೆ ಕೊಳ್ಳುವುದು ಒಳ್ಳೆಯದೇ? (ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಮಾರಬೇಡಿ. ಗಿಟಾರಿಗೆ ರೋಗವಿಲ್ಲ, ಬಾಯಾರಿಕೆ ಇದೆ.

ಮರ ತನ್ನ ಎಳೆಗಳ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಬಳ್ಳಾರಿಯ ಬೇಸಿಗೆಯ ಮಧ್ಯಾಹ್ನ, ಉಷ್ಣಾಂಶ 40 ಡಿಗ್ರಿ ದಾಟಿ ಒಣಗಾಳಿ ಬೀಸುವಾಗ, ಮನೆಯೊಳಗಿನ ತೇವಾಂಶ ಇದಕ್ಕಿಂತ ಬಹಳ ಕೆಳಗೆ ಇಳಿಯುತ್ತದೆ. ಆಗ ಫ್ರೆಟ್‌ಬೋರ್ಡಿನ ಮರ ಅಗಲದಲ್ಲಿ ಕುಗ್ಗುತ್ತದೆ. ಲೋಹದ ಫ್ರೆಟ್ ಕುಗ್ಗುವುದಿಲ್ಲವಾದ್ದರಿಂದ ಅದರ ತುದಿ ಹೊರಗೆ ಇಣುಕುತ್ತದೆ. ಕೈಗೆ ಚುಚ್ಚುತ್ತಿರುವುದು ಅದೇ. ಮೇಲ್ಫಲಕವೂ ಒಣಗಿ ತಗ್ಗುತ್ತದೆ, ಅದರೊಂದಿಗೆ ಬ್ರಿಡ್ಜ್ ಇಳಿಯುತ್ತದೆ, ತಂತಿ ಫ್ರೆಟ್ಟುಗಳಿಗೆ ತಾಗಿ ಸದ್ದು ಮಾಡುತ್ತದೆ. ಮಳೆಗಾಲದಲ್ಲಿ ಇದೇ ಫಲಕ ಉಬ್ಬಿ ತಂತಿ ಮೇಲೇಳುತ್ತದೆ. ಆದ್ದರಿಂದ ಈಗಲೇ ಯಾರಿಗಾದರೂ ಕೊಟ್ಟು ಫ್ರೆಟ್ಟಿನ ತುದಿಗಳನ್ನು ಅರದಿಂದ ಉಜ್ಜಿಸಬೇಡಿ, ಸ್ಯಾಡಲ್ ಎತ್ತರಿಸಲೂ ಬೇಡಿ. ಮೊದಲು ಮರಕ್ಕೆ ತೇವ ಕೊಡಿ.

ತೇವ ಕೊಡುವುದಕ್ಕೆ ದುಬಾರಿ ಸಾಧನ ಬೇಕಿಲ್ಲ. ಪ್ರಯಾಣಕ್ಕೆ ಒಯ್ಯುವ ಪ್ಲಾಸ್ಟಿಕ್ ಸೋಪಿನ ಡಬ್ಬಿಯ ಮುಚ್ಚಳಕ್ಕೆ ಹತ್ತಿಪ್ಪತ್ತು ತೂತು ಕೊರೆಯಿರಿ. ಸ್ಪಂಜಿನ ತುಂಡನ್ನು ನೀರಿನಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಅದರೊಳಗಿಟ್ಟು ಗಿಟಾರಿನೊಂದಿಗೆ ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿಡಿ. ಜೊತೆಗೆ ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರೊಂದನ್ನು ಇಡಿ. ಎರಡು ಮೂರು ವಾರ ತಾಳ್ಮೆ ಬೇಕು, ಒಂದೇ ದಿನದಲ್ಲಿ ನೆನೆಸಿದರೆ ಬಿರುಕು ಬಿಡುವ ಅಪಾಯವಿದೆ. ನಮ್ಮ ಮನೆಗಳ ಏರ್ ಕೂಲರ್ ತೇವ ಕೊಡುವುದು ನಿಜವಾದರೂ ಅದರ ಗಾಳಿ ಬಡಿಯುವ ಜಾಗದಲ್ಲಿ ಗಿಟಾರ್ ಇಡಬೇಡಿ. ಮಧ್ಯಾಹ್ನ ಒದ್ದೆ, ರಾತ್ರಿ ಒಣ ಎಂಬ ಏರುಪೇರು ಒಣಗಾಳಿಗಿಂತ ಕೆಟ್ಟದ್ದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಡುವುದಂತೂ ಬೇಡವೇ ಬೇಡ. ಅಲ್ಲಿ ಬಿಸಿ 60 ಡಿಗ್ರಿ ದಾಟಬಹುದು, ಬ್ರಿಡ್ಜಿನ ಅಂಟು ಸಡಿಲವಾಗಲು ಅಷ್ಟು ಸಾಕು.

ನಿಮ್ಮ ಗಿಟಾರಿನ ಹಿಂಬದಿ ರೋಸ್‌ವುಡ್ ಎಂದು ಬರೆದಿದ್ದೀರಿ. ಅದು ಇಂಡಿಯನ್ ರೋಸ್‌ವುಡ್ ಆಗಿದ್ದರೆ ನಮ್ಮ ಬೀಟೆಯೇ. ಈ ಜಾತಿಯ ಮರಗಳ ವ್ಯಾಪಾರಕ್ಕೆ 2017ರಲ್ಲಿ ಅಂತರರಾಷ್ಟ್ರೀಯ ಪರವಾನಗಿಯ ನಿಯಮ ಬಿಗಿಯಾಗಿ ಗಿಟಾರ್ ತಯಾರಕರು ಕಂಗಾಲಾದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ಸಡಿಲಿಕೆ ಸಿಕ್ಕಿತು. ಮಲೆನಾಡಿನ ಮಳೆ ಕುಡಿದು ಬೆಳೆಯುವ ಮರ ಬಳ್ಳಾರಿಯ ಮೇ ತಿಂಗಳಲ್ಲಿ ನರಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂದೆ ಎಂದಾದರೂ ಎರಡನೆಯದು ಕೊಳ್ಳುವುದಾದರೆ, ಗೋಡೆಗೆ ನೇತುಹಾಕಿ ಬೇಕೆಂದಾಗ ಎತ್ತಿಕೊಳ್ಳಲು ಒಂದು ಪದರಮರದ ಗಿಟಾರ್ ಕೊಳ್ಳಿ. ಪದರಗಳ ಎಳೆಗಳು ಒಂದಕ್ಕೊಂದು ಅಡ್ಡಲಾಗಿ ಇರುವುದರಿಂದ ಅದು ಇಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಅಗ್ಗದ್ದು ಎಂದು ಅದನ್ನು ಹೀಗಳೆಯುವವರು ನಮ್ಮ ಬೇಸಿಗೆಯನ್ನು ಕಂಡವರಲ್ಲ.

ಪ್ರಶ್ನೆ: ಆರು ವರ್ಷ ಹಿಂದೂಸ್ತಾನಿ ಗಾಯನ ಕಲಿತಿದ್ದೇನೆ. ಮನೆಯಲ್ಲಿರುವ ಅಕೌಸ್ಟಿಕ್ ಗಿಟಾರಿನಲ್ಲಿ ರಾಗ ನುಡಿಸಲು ಹೋದರೆ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರುವುದಿಲ್ಲ. ಮೋಹನವೀಣೆ ಕೊಳ್ಳಬೇಕೆಂದಿದ್ದೇನೆ. (ಓದುಗರೊಬ್ಬರು, ಕುಷ್ಟಗಿ)

ಉತ್ತರ: ಮೀಂಡ್ ಬಾರದಿರುವುದಕ್ಕೆ ಕಾರಣ ಫ್ರೆಟ್ಟುಗಳು. ಫ್ರೆಟ್ಟನ್ನು ಮುಟ್ಟದೆ, ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಉಕ್ಕಿನ ಬಾರ್ ಜಾರಿಸುವ ಹವಾಯನ್ ಕ್ರಮವನ್ನು ಬ್ರಿಜ್ ಭೂಷಣ್ ಕಾಬ್ರಾ ಅವರು ರಾಗಸಂಗೀತಕ್ಕೆ ಒಗ್ಗಿಸಿದರು. ವಿಶ್ವಮೋಹನ್ ಭಟ್ ಅವರು ಅಂಥ ಗಿಟಾರಿಗೆ ತರಬ್ (ತಾವಾಗಿಯೇ ಅನುರಣಿಸುವ) ಮತ್ತು ಚಿಕಾರಿ (ನಡುನಡುವೆ ಮೀಟುವ ಆಧಾರಸ್ವರದ) ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿದರು. 1994ರಲ್ಲಿ ರೈ ಕೂಡರ್ ಜೊತೆಗಿನ ಧ್ವನಿಮುದ್ರಿಕೆಗಾಗಿ ಅವರಿಗೆ ಗ್ರ್ಯಾಮಿ ಬಂತು. ಮೋಹನವೀಣೆಯಲ್ಲಿ ಗಿಟಾರಿಗಿಂತ ತಂತಿಗಳು ಬಹಳ ಹೆಚ್ಚು. ಅದರ ತಂತಿಗಳನ್ನು ಶ್ರುತಿಗೂಡಿಸುವುದರಲ್ಲೇ ಹೊಸಬರಿಗೆ ಅರ್ಧ ಗಂಟೆ ಹೋಗುತ್ತದೆ.

ಮೊದಲು ನಿಮ್ಮ ಗಿಟಾರಿನ ನಟ್ ಮೇಲೆ ಕೂರಿಸುವ ಎಕ್ಸ್‌ಟೆನ್ಷನ್ ನಟ್ ತರಿಸಿ, ಜೊತೆಗೆ ಒಂದು ಉಕ್ಕಿನ ಬಾರ್. ನಟ್ ತಂತಿಗಳನ್ನು ಎತ್ತರಿಸುತ್ತದೆ, ಬಾರ್ ಫ್ರೆಟ್ಟಿಗೆ ತಾಗುವುದಿಲ್ಲ. ಆರನೆಯ ತಂತಿಯಿಂದ ಒಂದನೆಯದರವರೆಗೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಎಂದು ಸೇರಿಸಿ. ಡಿ ನಿಮ್ಮ ಷಡ್ಜವಾದರೆ ಇದು ಸಾ, ಪ, ಸಾ, ಶುದ್ಧ ಗ, ಪ, ಸಾ. ಎಲ್ಲವೂ ಮಾಮೂಲಿ ಶ್ರುತಿಗಿಂತ ಕೆಳಗಿನದು ಅಥವಾ ಅದೇ ಆದ್ದರಿಂದ ಗಿಟಾರಿಗೆ ಭಾರವಾಗದು. ಮಾಲಕಂಸ್ ನುಡಿಸುವುದಾದರೆ ಅದರಲ್ಲಿ ಪಂಚಮವಿಲ್ಲ, ಗಾಂಧಾರ ಕೋಮಲ. ಎರಡು ಎ ತಂತಿಗಳನ್ನು ಜಿಗೆ, ಎಫ್ ಶಾರ್ಪ್ ಅನ್ನು ಎಫ್‌ಗೆ ಇಳಿಸಿದರೆ ಸಾ, ಮ, ಸಾ, ಗ, ಮ, ಸಾ ಸಿಗುತ್ತದೆ. ಗಾಯನ ಕಲಿತ ಕಿವಿ ಇರುವುದರಿಂದ ಬಾರ್ ಎಲ್ಲಿ ನಿಲ್ಲಬೇಕೆಂದು ನಿಮಗೆ ಯಾರೂ ಹೇಳಬೇಕಿಲ್ಲ. ಇದನ್ನು ಒಂದು ವರ್ಷ ನುಡಿಸಿದ ಮೇಲೂ ಚಿಕಾರಿ ಬೇಕೇಬೇಕು ಎನ್ನಿಸಿದರೆ ಮೋಹನವೀಣೆಗೆ ಹಣ ಹಾಕಿ.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ಒಂದು ವರ್ಷದಿಂದ ಯುಕುಲೇಲೆ (ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ) ನುಡಿಸುತ್ತಿದ್ದಾಳೆ, ಈಗ ಗಿಟಾರ್ ಕೇಳುತ್ತಿದ್ದಾಳೆ. ಯಾವ ಅಳತೆಯದು ಕೊಡಿಸಲಿ? (ತಾಯಿಯೊಬ್ಬರು, ಗಂಗಾವತಿ)

ಉತ್ತರ: ವಯಸ್ಸು ನೋಡಬೇಡಿ ತಾಯಿ, ತೋಳು ನೋಡಿ. ಗಿಟಾರ್ ಹಿಡಿದು ಕುಳಿತಾಗ ಎಡಗೈ ಒಂದನೆಯ ಫ್ರೆಟ್ಟಿಗೆ ಮೊಣಕೈ ಬಾಗಿರುವಂತೆಯೇ ತಲುಪಬೇಕು. ತೋಳು ಪೂರ್ತಿ ನೀಳವಾದರೆ ಮುಕ್ಕಾಲು ಅಳತೆಯದು ಕೊಡಿಸಿ. ನೈಲಾನ್ ತಂತಿಯದೇ ಇರಲಿ. ಯುಕುಲೇಲೆಗೆ ಹೊಂದಿಕೊಂಡ ಬೆರಳಿಗೆ ಉಕ್ಕಿನ ತಂತಿ ಮೊದಲ ವಾರವೇ ಬೇಸರ ತರಿಸುತ್ತದೆ. ಯುಕುಲೇಲೆಯಲ್ಲಿ ಅವಳು ಹಿಡಿಯುವ ಜಿ ಕಾರ್ಡಿನ ಆಕಾರವೇ ಗಿಟಾರಿನಲ್ಲಿ ಡಿ ಕಾರ್ಡ್ ಆಗುತ್ತದೆ ಎಂದು ಹೇಳಿ ನೋಡಿ, ಅರ್ಧ ಪಾಠ ಅಲ್ಲಿಗೇ ಮುಗಿದಂತೆ.

ಪ್ರಶ್ನೆ: ನಿವೃತ್ತನಾದ ಮೇಲೆ ಮೂರು ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದೇನೆ, ಮೂರರಲ್ಲೂ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಹಿಡಿಯುವ ಒಂದೇ ಸುರುಳಿಯ ಸಾಧನ). ಮೂರೂ ಗುಂಯ್‌ಗುಡುತ್ತವೆ. ಹಂಬಕರ್ ಇರುವ ನಾಲ್ಕನೆಯದು ಕೊಳ್ಳಬೇಕೆಂದಿದ್ದೇನೆ. ಮನೆ ಗೋದಾಮು ಆಗುತ್ತಿದೆ ಎಂದು ಮನೆಯವರ ಆಕ್ಷೇಪ. ಭಾನುವಾರ ನಾಲ್ವರು ಗೆಳೆಯರು ಸೇರುತ್ತೇವೆ: ಎರಡು ಗಿಟಾರ್, ಒಂದು ತಬಲಾ, ಒಬ್ಬರು ಹಾಡುತ್ತಾರೆ. (ಓದುಗರೊಬ್ಬರು, ಶಕ್ತಿನಗರ)

ಉತ್ತರ: ನಿಮ್ಮ ಊರಿನ ಸ್ಥಾವರದಲ್ಲಿ ಹುಟ್ಟುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಒಂದೇ ಸುರುಳಿಯ ಪಿಕಪ್ ಮನೆಯ ತಂತಿಗಳಿಂದ ಆ 50ನ್ನೇ ಹಿಡಿದು ಹಾಡುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ ಹಂಬಕರ್‌ನಲ್ಲಿ ಎರಡು ಸುರುಳಿಗಳು ಪರಸ್ಪರ ವಿರುದ್ಧವಾಗಿರುವುದರಿಂದ ಗುಂಯ್‌ಕಾರ ಕಳೆದುಹೋಗಿ ತಂತಿಯ ನಾದ ಮಾತ್ರ ಕೂಡುತ್ತದೆ. ಆದರೆ ನಿಮ್ಮ ಮೂರರಲ್ಲಿ ಸ್ಟ್ರಾಟೋಕಾಸ್ಟರ್ ಮಾದರಿಯದೊಂದಿದ್ದು, ಅದರಲ್ಲಿ ಐದು ಸ್ಥಾನಗಳ ಸ್ವಿಚ್ ಇದ್ದರೆ 2 ಮತ್ತು 4ನೆಯ ಸ್ಥಾನಕ್ಕೆ ತಿರುಗಿಸಿ ನೋಡಿ. ಈಚಿನ ಅನೇಕ ಗಿಟಾರುಗಳಲ್ಲಿ ನಡುವಿನ ಪಿಕಪ್ ತಿರುವುಮುರುವಾಗಿ ಸುತ್ತಿದ್ದಾದ್ದರಿಂದ ಅಲ್ಲಿ ಸದ್ದು ನಿಲ್ಲುತ್ತದೆ.

ಈವರೆಗೆ ನುಡಿಸುವಾಗ ತಂತಿಯನ್ನು ಮುಟ್ಟಿದರೆ ಗುಂಯ್‌ಕಾರ ಕಡಿಮೆಯಾಗುತ್ತಿತ್ತೇ ಎಂದೂ ನೆನಪಿಸಿಕೊಳ್ಳಿ. ಹಾಗಾದರೆ ತೊಂದರೆ ಗಿಟಾರಿನ ಒಳಗಿನ ಶೀಲ್ಡಿಂಗ್‌ನದು (ಹೊರಗಿನ ವಿದ್ಯುತ್ತಿನ ಸದ್ದನ್ನು ತಡೆಯುವ ಲೋಹದ ಹೊದಿಕೆ) ಅಥವಾ ಗೋಡೆಯ ಪ್ಲಗ್ಗಿನ ಅರ್ಥಿಂಗ್‌ನದು. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸುವವರೆಗೆ ಆಂಪ್ ಹಚ್ಚಬೇಡಿ; ಅರ್ಥಿಂಗ್ ಇಲ್ಲದ ಆಂಪ್‌ಗೆ ಜೋಡಿಸಿದ ಉಕ್ಕಿನ ತಂತಿಯನ್ನು ಬರಿಗೈಯಲ್ಲಿ ಹಿಡಿಯುವುದು ಅಪಾಯ.

ಅಷ್ಟಾದ ಮೇಲೂ ನಾಲ್ಕನೆಯದು ಬೇಕೆಂದರೆ ನಿಮ್ಮ ಭಾನುವಾರದ ಕೂಟವನ್ನೇ ನೋಡಿ. ಅಲ್ಲಿ ಎರಡು ಗಿಟಾರ್‌ಗಳಿವೆ, ಬೇಸ್ ಇಲ್ಲ. ಬೇಸ್ ಗಿಟಾರಿನ ನಾಲ್ಕು ತಂತಿಗಳು ನಿಮ್ಮ ಗಿಟಾರಿನ ದಪ್ಪ ನಾಲ್ಕು ತಂತಿಗಳ ಸ್ವರಗಳೇ, ಒಂದು ಸಪ್ತಕ ಕೆಳಗೆ. ಹೊಸದಾಗಿ ಕಲಿಯಬೇಕಾದ್ದು ಬೆರಳಿನ ಬಲ ಮತ್ತು ತಬಲಾದವರ ಸಮ್ (ತಾಳದ ಆವರ್ತದ ಮೊದಲ ಪೆಟ್ಟು) ಕಾಯುವ ಅಭ್ಯಾಸ. ಗೋಡೆಯ ಮೇಲೆ ಜಾಗವಿಲ್ಲವಾದರೆ ಆ ಮೂರರಲ್ಲಿ ಒಂದನ್ನು ಮಾರಿ. ಯಾವುದನ್ನು ಮಾರಬೇಕೆಂದು ಮನೆಯವರನ್ನು ಕೇಳಿದರೆ ಉತ್ತರ ಬೇಗ ಸಿಗುತ್ತದೆ.