ಜುಲೈನಲ್ಲಿ ನೋಡಿದ್ರಾ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಳೇ ಹೆಂಚಿನ ಮನೆ ಮಾರಾಟಕ್ಕಿದೆ. ಚಿಕ್ಕದು, ಮಣ್ಣಿನ ಗೋಡೆ, ಸಿಮೆಂಟ್ ಗಿಲಾವು ಮಾಡಿ ಪೂರ್ತಿ ದುರಸ್ತಿ ಮಾಡಿಸಿದ್ದಾರೆ. ಊರಲ್ಲಿ ಗದ್ದಲವೇ ಇಲ್ಲ. ನಿವೃತ್ತಿವರೆಗೆ ರಜೆಗೆ ಹೋಗಿ ಬರೋಣ ಅಂತಿದ್ದೇವೆ. ಕೊಳ್ಳಬಹುದಾ?
– ಓದುಗರು, ಬೆಂಗಳೂರು

ಉತ್ತರ: ಕೊಳ್ಳಬಹುದು. ಹಳೇ ಮನೆ ಕೆಡವಿ ಕಂಬ, ಬಾಗಿಲು ರೆಸಾರ್ಟಿಗೆ ಮಾರುವ ಕಾಲ ಇದು. ಮನೆಯನ್ನು ಮನೆಯಾಗಿಯೇ ಕೊಳ್ಳಲು ಹೊರಟಿದ್ದೀರಿ, ಸಂತೋಷ. ಪಂಚಾಯಿತಿಯ ಆಸ್ತಿ ದಾಖಲೆ ಇ-ಸ್ವತ್ತನ್ನು ವಕೀಲರಿಗೆ ತೋರಿಸಿ.

ಆದರೆ ನೀವು ಕಳಿಸಿದ ಫೋಟೋಗಳಲ್ಲೆಲ್ಲ ಬರೀ ಬಿಸಿಲು! ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆ ಇರುವುದೂ ಅದೇ ತಾಲ್ಲೂಕಿನಲ್ಲಿ. ಅಲ್ಲಿನ ಮನೆಯನ್ನು ಜುಲೈನಲ್ಲಿ ನೋಡಬೇಕು ಸ್ವಾಮಿ.

ಆ ಸಿಮೆಂಟ್ ಗಿಲಾವೇ ನನಗೆ ಅನುಮಾನ. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಹಿರಿಯರು ಸುಣ್ಣ ಬಳಿಯುತ್ತಿದ್ದದ್ದು ಸುಮ್ನೆ ಅಲ್ಲ. ಸಿಮೆಂಟ್ ಮೆತ್ತಿದರೆ ಒಳಗಿನ ನೀರಿಗೆ ದಾರಿಯೇ ಇಲ್ಲ. ಗೋಡೆಯ ಬುಡದಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಡಬಡಬ ಅಂದರೆ ಗಿಲಾವು ಆಗಲೇ ಬಿಟ್ಟುಕೊಂಡಿದೆ.

ಇನ್ನು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಸೋಗೆ, ಹುಲ್ಲಿನ ಮಾಡುಗಳು ಎಷ್ಟೋ ಊರಲ್ಲಿ ಮೆಲ್ಲಗೆ ಹೋದವು. ಗಟ್ಟಿ ಹೆಂಚು, ನಿಜ. ಆದರೆ ಮಂಗ ಒಂದನ್ನು ಸರಿಸಿದರೆ ಸಾಕು. ಜನ ಇರುವ ಮನೆಯಲ್ಲಿ ಆ ಸಂಜೆಯೇ ಯಾರೋ ಅಟ್ಟ ಹತ್ತಿ ಸರಿ ಮಾಡುತ್ತಾರೆ. ಬೀಗ ಹಾಕಿದ ಮನೆಯಲ್ಲಿ ನೀರು ಹೆಂಚಿನಡಿಯ ರೀಪಿನಿಂದ ಅದನ್ನು ಹೊತ್ತ ಪಕಾಸಿಗೆ, ಅಲ್ಲಿಂದ ಗೋಡೆ ತಲೆಗೆ. ಹಿಂದೆಯೇ ಒರಲೆ, ಅಂದರೆ ಗೆದ್ದಲು. ಒಲೆಯ ಹೊಗೆಗೆ ಜಂತೆ ಕಪ್ಪಾಗುತ್ತಿತ್ತು, ಒಣಗಿಯೂ ಇರುತ್ತಿತ್ತು. ನಿಮ್ಮದು ರಜೆಗೊಮ್ಮೆ ಹಚ್ಚುವ ಗ್ಯಾಸು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಎಷ್ಟೋ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದರು. ದೊಡ್ಡ ಕೆಲಸ, ಎರಡು ಮಾತಿಲ್ಲ. ಅಲ್ಲೂ ನಾವು ಟಿಕೆಟ್ ತಗೊಂಡು ಹೋಗಿ ನೋಡಿ ಬರುತ್ತೇವೆ ಅಷ್ಟೇ, ಅಡುಗೆ ಮಾಡುವುದಿಲ್ಲ.

ಕೊಪ್ಪದ ಕಡೆ ನಮ್ಮ ಸೋದರತ್ತೆ ಮನೆಯಲ್ಲಿ ಮೇ ಕೊನೆಗೆ ಅಡಿಕೆ ಸೋಗೆಯ ತಟ್ಟಿ ಹೆಣೆದು ಗಾಳಿಗೆ ಮಳೆಯ ಇರಚಲು ಹೊಡೆಯುವ ಗೋಡೆಗೆಲ್ಲ ಕಟ್ಟುತ್ತಿದ್ದರು. ಕಟ್ಟುವವರ ಮಕ್ಕಳು ಈಗ ನಿಮ್ಮ ಬೆಂಗಳೂರಿನಲ್ಲಿ ಡೆಲಿವರಿ ಬೈಕ್ ಓಡಿಸುತ್ತಿದ್ದಾರೆ. ಈಗ ಅಲ್ಲಿ ನೀಲಿ ಪ್ಲಾಸ್ಟಿಕ್.

ಊರಲ್ಲಿ ಗದ್ದಲವೇ ಇಲ್ಲ ಅಂತ ಖುಷಿಪಟ್ಟಿದ್ದೀರಿ. ಯಾಕಿಲ್ಲ ಅಂತ ಕೇಳಿದ್ರಾ? ಶಾಲೆಗೆ ಮಕ್ಕಳಿಲ್ಲ, ಬಸ್ಸು ಹತ್ತುವವರಿಲ್ಲ ಅಂತ ಬಸ್ಸೂ ಇಲ್ಲ. ಉಳಿದ ಮನೆಗಳನ್ನು ನಮ್ಮಂಥ ಪೇಟೆಯವರು ಕೊಂಡು ಸಿಸಿಟಿವಿ ಹಾಕಿ ಬರುತ್ತೇವೆ. ಪಕ್ಕದ ಮನೆಯ ಅಜ್ಜಿಗೆ ರಾತ್ರಿ ಎದೆನೋವು ಬಂದರೆ ಆ ಕ್ಯಾಮೆರಾ ಏನು ಮಾಡೀತು?

ಈ ಸಲ ಒಂದು ಕೆಲಸ ಮಾಡಿ. ಆಷಾಢದಲ್ಲಿ ಒಂದು ತಿಂಗಳು ರಜೆ ಹಾಕಿ, ಅದೇ ಮನೆಯನ್ನು ಬಾಡಿಗೆಗೆ ಕೇಳಿ. ಮಳೆಗಾಲಕ್ಕೆ ಕೊಡಲ್ಲ ಅಂದರೆ ಯಾಕೆ ಅಂತ ಮಾರುವವರನ್ನೇ ಕೇಳಿ, ಅವರು ಹೇಳಿದ್ದನ್ನು ನಮಗೂ ಬರೆದು ಕಳಿಸಿ.